ಟವೆಲ್ಲಿನ ಅಡಿಯ ಕೈ

ಟ್ಯೂಷನ್ ಮಕ್ಕಳ ಮುಂದೆ ಇರುವ ನನ್ನ ಧ್ವನಿ ಅಪ್ಪನ ಮುಂದೆ ಎಲ್ಲಿ ಹೋಗುತ್ತದೋ, ನನಗೇ ಗೊತ್ತಿಲ್ಲ. ನಿನ್ನೆಯಿಂದ ಇದೊಂದೇ ಯೋಚನೆ. ಬಳ್ಳಾರಿಯಿಂದ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಹೊರಡುವಾಗ ಹುಡುಗನ ತಾಯಿ, "ಹುಡುಗಿ ಮಾತಾಡಂಗಿಲ್ಲ ನೋಡ್ರಿ, ನಮಗ ಅಂಥಾಕಿನ ಬೇಕಿತ್ತು" ಎಂದು ನಕ್ಕಿದ್ದರು. ಅವರು ಹೋದ ಮೇಲೆ ಅಪ್ಪ "ಹೆಂಗ ಯವ್ವಾ?" ಎಂದ. ನಾನು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ನಾಳೆ ಬೆಳಿಗ್ಗೆ ಅವನು ಬಸ್ಸು ಹತ್ತಿ, ಬಳ್ಳಾರಿಗೆ ಹೋಗಿ ಮಾತು ಕೊಟ್ಟು ಬರುತ್ತಾನೆ.

ಇವತ್ತು ಸಂಜೆಯೂ ಮನೆಯ ಕಟ್ಟೆಯ ಮೇಲೆ ಟ್ಯೂಷನ್. ಡಿಗ್ರಿ ಮುಗಿಸಿ ಸಿರುಗುಪ್ಪದಲ್ಲಿ ನಾನು ಮಾಡುತ್ತಿರುವುದು ಇಷ್ಟೇ. ಲೆಕ್ಕ ಹೇಳಲು ಮನಸ್ಸಾಗದೆ ಗುಟ್ಟಿನ ಭಾಷೆಯ ಪಾಠ ತೆಗೆದೆ. ಅಕ್ಷರಕ್ಕೊಂದು 'ಕ' ಸೇರಿಸಿ ಮಾತಾಡುವುದನ್ನು ಹೇಳಿದರೆ ಅಜೀಮ್ ಮುಖ ಸಿಂಡರಿಸಿದ.

"ಅದು ಹಳೇದಕ್ಕಾ. ನಮ್ಮ ಅಮ್ಮಿಗೂ ಬರ್ತೈತಿ. ಅದ್ರಾಗ ಯಾರಿಗೂ ಬೈಯಾಕ ಆಗಂಗಿಲ್ಲ."

ಅಕ್ಷರದ ಬದಲು ಅದರ ಮುಂದಿನ ಅಕ್ಷರ ಬರೆಯುವುದನ್ನು ಹೇಳಿಕೊಟ್ಟೆ. 'ಕಮಲ' ಹೋಗಿ 'ಖಯವ' ಆಯಿತು. ಮೇಘಾ ಬಿದ್ದು ಬಿದ್ದು ನಕ್ಕಳು.

"ಆದ್ರ ಇದನ್ನ ಬಿಡಿಸೋ ಕೀಲಿ ಇಬ್ರಿಗೂ ಗೊತ್ತಿರಬೇಕು," ಎಂದೆ. "ಇಲ್ಲಾಂದ್ರ ನೀವು ಹೇಳಿದ್ದು ಒಂದು, ಅವರು ತಿಳಕೊಳ್ಳೋದು ಇನ್ನೊಂದು."

ಅಷ್ಟರಲ್ಲಿ ಅಪ್ಪ ಕುರುಗೋಡಿನ ಕಡೆಯ ದನದ ಸಂತೆಯಿಂದ ಬಂದ. ಅವನದು ಎತ್ತಿನ ದಲ್ಲಾಳಿ ಕೆಲಸ. ಕಾಲು ತೊಳೆದು ನಮ್ಮ ನಡುವೆಯೇ ಕೂತ.

"ಬರಿಯೋದ್ಯಾಕ್ರಲೇ? ನಮ್ಮ ಸಂತ್ಯಾಗ ಬಾಯಿನೂ ಬ್ಯಾಡ, ಪೆನ್ನೂ ಬ್ಯಾಡ. ಯವ್ವಾ, ಕೈ ಕೊಡು."

ಹೆಗಲ ಟವೆಲನ್ನು ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿದ. ಕೆಳಗೆ ನನ್ನ ಬೆರಳುಗಳನ್ನು ಹಿಡಿದುಕೊಂಡ. ಹಗ್ಗ ಹಿಡಿದು ಒರಟಾದ ಅಂಗೈ.

"ಎಷ್ಟು ಬೆರಳು ಹಿಡಿದ್ರ ಅಷ್ಟು ರೇಟು. ಸುತ್ತ ನಿಂತ ಮಂದಿಗೆ ಕಾಣಂಗಿಲ್ಲ."

"ರೇಟು ಸೇರಲಿಲ್ಲಂದ್ರ, ತಾತಾ?" ಮೇಘಾ ಕೇಳಿದಳು.

"ಕೈ ಎಳಕೊಂತಾರ."

"ಸೇರಿದ್ರ?"

"ಸುಮ್ನ ಇಡ್ತಾರ. ಮುಗೀತು, ಆಮ್ಯಾಲ ಒಲ್ಲೆ ಅನ್ನಂಗಿಲ್ಲ."

ನನ್ನ ಕೈ ಹಾಗೇ ಬಿದ್ದಿತ್ತು.

"ಅಕ್ಕ ಎಳಕೊಳ್ಳಲಿಲ್ಲ!" ಅಜೀಮ್ ಕೂಗಿದ. "ಅಕ್ಕ ಮಾರಾಟ ಆದ್ಲು!"

ಅಪ್ಪನೂ ನಕ್ಕ. "ನಮ್ಮವ್ವ ಹಂಗ. ನಿನ್ನೆನೂ ಸುಮ್ನ ಇದ್ಲು. ನನಗ ತಿಳೀತು, ಒಪ್ಪಿಗಿ ಐತಿ ಅಂತ."

ಅವನು ಮೋಸ ಮಾಡಿರಲಿಲ್ಲ. ಬಾಳೆಲ್ಲ ಮನುಷ್ಯರನ್ನು ಓದಿದ ರೀತಿಯಲ್ಲೇ ನನ್ನನ್ನೂ ಓದಿದ್ದ. ನನ್ನ ಮೌನವನ್ನು ಬಿಡಿಸುವ ಕೀಲಿಯನ್ನು ನಾನೇ ಕೊಟ್ಟಿರಲಿಲ್ಲ.

ಕೈ ಎಳೆದುಕೊಂಡೆ. ಟವೆಲ್ ನೆಲಕ್ಕೆ ಬಿತ್ತು. "ಸೇರಲಿಲ್ಲ! ರೇಟು ಸೇರಲಿಲ್ಲ!" ಎಂದು ಮೇಘಾ ಚಪ್ಪಾಳೆ ತಟ್ಟಿದಳು. ಅಪ್ಪ ಟವೆಲ್ ಜಾಡಿಸಿ ನಗುತ್ತಲೇ ಮತ್ತೆ ಕೈ ಚಾಚಿದ. ಅವನಿಗೆ ಇನ್ನೂ ಅದು ಆಟ.

ಈ ಸಲ ಧ್ವನಿ ಬಂತು.

"ಆಟ ಅಲ್ಲಪ್ಪಾ. ನಾಳಿ ಬಳ್ಳಾರಿಗೆ ಹೋಗಬ್ಯಾಡ. ನನಗ ಆ ಮನಿ ಬ್ಯಾಡ."