ತೊಂಡೇಬಾವಿಯ ಸೊಪ್ಪು

ಯಾಮಿನಿ ಒಂದು ಸೀಮೆಯನ್ನೇ ಕಟ್ಟಿದ್ದಳು. ಆದರೆ ಅದರೊಳಗೆ ಅವಳಿಗೊಂದು ಮನೆ ಇರಲಿಲ್ಲ. ತೊಡಕು ಶುರುವಾದದ್ದು ಅಲ್ಲಿಂದಲೇ.

ಸೀಮೆ ಇದ್ದದ್ದು ಫೋನಿನಲ್ಲಿ. ಶಿಡ್ಲಘಟ್ಟದ ಯಾಮಿನಿಯೂ ಅವಳ ಕಾಲೇಜಿನ ಗೆಳತಿ ತರನ್ನುಮಳೂ ಸೇರಿ ಮಾಡಿದ ಆಟ ಅದು. ಕೋಡ್ ಬರೆಯುವವಳು ತರನ್ನುಮ್. ಯಾವುದಕ್ಕೆ ಎಷ್ಟು ಬೆಲೆ, ಯಾವುದು ಎಷ್ಟು ದಿನಕ್ಕೆ ಬಾಡಬೇಕು, ಯಾರಿಗೆ ಯಾವಾಗ ಏನು ಸಾಲದೆ ಬರಬೇಕು ಎಂಬುದನ್ನೆಲ್ಲ ಗೊತ್ತುಮಾಡುವವಳು ಯಾಮಿನಿ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯ ನಲವತ್ತು ಜನ ಆಡುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಊರು. ಹಿಪ್ಪುನೇರಳೆ ತೋಟ ಹಾಕಬೇಕು, ರೇಷ್ಮೆ ಹುಳ ಸಾಕಬೇಕು, ಗೂಡು ಮಾರಬೇಕು, ಇಲ್ಲವೇ ತಾವೇ ನೂಲು ತೆಗೆಯಬೇಕು. ವಾರಕ್ಕೊಂದು ಬೆಳೆ. ಹತ್ತು ಬೆಳೆ ಮುಗಿಯುವ ಹೊತ್ತಿಗೆ ಯಾರ ಊರು ದೊಡ್ಡದೋ ಅವರು ಗೆದ್ದ ಹಾಗೆ.

ಕೈವಾರವನ್ನು ಆರಿಸಿಕೊಂಡವರು ತರನ್ನುಮಳ ತಂದೆ ಸಾದಿಕ್ ಪಾಷಾ. ಮನೆಯ ಹಿಂದಿನ ಶೆಡ್ಡಿನಲ್ಲಿ ಗೂಡನ್ನು ಬಿಸಿನೀರಿನ ಬೇಸಿನ್ನಿನಲ್ಲಿಟ್ಟು ನೂಲು ಬಿಚ್ಚುವ, ಹತ್ತು ಬೇಸಿನ್ನಿನ ಘಟಕ ನಡೆಸುತ್ತಿದ್ದವರು, ಎರಡು ವರ್ಷದ ಹಿಂದೆ ಅದನ್ನು ಮುಚ್ಚಿ ಯಂತ್ರ ಮಾರಿದ್ದರು. ಈಗ ಮಗಳ ಹಳೇ ಫೋನು ಹಿಡಿದು, ಕನ್ನಡಕ ಹಣೆಗೇರಿಸಿ, ಆಟದ ಕೈವಾರದಲ್ಲಿ ಒಂದೊಂದೇ ಬೇಸಿನ್ ಕೂರಿಸುತ್ತ ಬಂದು ಏಳನೇ ಬೆಳೆಯ ಹೊತ್ತಿಗೆ ಸರಿಯಾಗಿ ಹತ್ತು ಮಾಡಿದ್ದರು. ಹನ್ನೊಂದನೆಯದಕ್ಕೆ ಅನುಕೂಲವಿದ್ದರೂ ಕೂರಿಸಲಿಲ್ಲ.

ಆಟಕ್ಕೆ ಯಾಮಿನಿ ಮನಸ್ಸಿಟ್ಟು ಹಾಕಿದ ಒಂದು ಪದ್ಧತಿ ಎಂದರೆ ಬದಲಿ. ಹುಳಗಳು ಮೈ ಕಳಚಲು ಮೇವು ಬಿಟ್ಟು ಮಲಗುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಸುರಿದರೂ ಸಾಲದು. ಆಗ ಯಾರ ತೋಟದಲ್ಲಿ ಕಡಿಮೆ ಬಿದ್ದರೂ ಪಕ್ಕದವರ ತೋಟಕ್ಕೆ ಕುಡುಗೋಲು ಹಿಡಿದು ಹೋಗಬಹುದು. ಮಾತು ಬಿಟ್ಟವರೂ ಇಲ್ಲ ಎನ್ನುವುದಿಲ್ಲ. ಮುಂದಿನ ಬೆಳೆಯಲ್ಲಿ ಸೊಪ್ಪಿಗೆ ಸೊಪ್ಪು. ಅದನ್ನೇ ಆಟದಲ್ಲಿ ಒಂದು ಗುಂಡಿಯಾಗಿ ಇಟ್ಟಿದ್ದಳು. ಅಪರೂಪಕ್ಕೆ ಯಾರಾದರೂ ಒತ್ತುತ್ತಾರೆ ಎಂದುಕೊಂಡಿದ್ದಳು. ಬೇರೆ ಸೀಮೆಯವರಾದರೆ ಹಾಗೇ ಆಗುತ್ತಿತ್ತೋ ಏನೋ. ಇಲ್ಲಿಯವರು ಮೊದಲ ವಾರದಿಂದಲೇ ಎಲ್ಲರೂ ಎಲ್ಲರಿಗೂ ಕೊಡತೊಡಗಿದರು. ಎಲ್ಲರಿಗಿಂತ ಹೆಚ್ಚು ಕೊಟ್ಟವರು ಸಾದಿಕ್ ಪಾಷಾ. ಸೊಪ್ಪಿಗೆ ಬೆಲೆಯೇ ಇಲ್ಲದಂತಾಯಿತು.

ಈ ಮಧ್ಯೆ ಯಾಮಿನಿಗೆ ಆಸೆ ಹತ್ತಿತು. ದಿನವೂ ಮೇಲಿನಿಂದ ನೋಡಿ ನೋಡಿ, ತಾನೇ ಬರೆದ ಊರುಗಳಲ್ಲಿ ಒಮ್ಮೆ ನಡೆದಾಡಿದರೆ ಹೇಗಿರುತ್ತದೆ ಅನ್ನಿಸಿತು. ಯಾರಿಗೂ ಹೇಳದೆ ಅಜ್ಜಿಯ ಹೆಸರಿನಲ್ಲಿ, ಅಕ್ಕಯ್ಯಮ್ಮ ಎಂದು, ಖಾಲಿ ಬಿದ್ದಿದ್ದ ತೊಂಡೇಬಾವಿಯನ್ನು ತೆಗೆದುಕೊಂಡಳು. ಎಂಟನೇ ಬೆಳೆಯಲ್ಲಿ ಎಲ್ಲರಿಗೂ ಒಂದೊಂದು ದಿನ ಸೊಪ್ಪು ಸಾಲದೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಹಾಗೆ ಗೊತ್ತುಮಾಡಿದವಳು ಅವಳೇ. ಊರ ತುಂಬ ಬರೀ ತೋಟ ಹಾಕಿ ಒಂಬೈನೂರು ಹೊರೆ ಸೊಪ್ಪು ಕೂಡಿಹಾಕಿ ಕುಳಿತಳು. ಒಬ್ಬರೂ ಕೊಳ್ಳಲಿಲ್ಲ. ಬದಲಿ ಇರುವಾಗ ಯಾರು ಕೊಂಡಾರು? ಇನ್ನೆರಡು ದಿನಕ್ಕೆ ಸೊಪ್ಪು ಬಾಡುತ್ತಿತ್ತು.

ಮಂಗಳವಾರ ಅವಳು ತರನ್ನುಮಳಿಗೆ ಫೋನ್ ಮಾಡಿ, ಸೊಪ್ಪಿಗೆ ಬೆಲೆ ಇಲ್ಲದಿದ್ದರೆ ಮಾರುಕಟ್ಟೆಯೇ ಇಲ್ಲ, ಬದಲಿ ತೆಗೆದುಬಿಡೋಣ ಎಂದಳು. ಮಾತು ನ್ಯಾಯವಾಗಿಯೇ ಇತ್ತು. ತರನ್ನುಮ್ ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದವಳು, ಸಂಜೆಯೊಳಗೆ ತೆಗೆದಳು.

ಬುಧವಾರ ಮಧ್ಯಾಹ್ನ ಅಕ್ಕಯ್ಯಮ್ಮನ ಹೆಸರಿಗೆ ಒಂದು ಸಂದೇಶ ಬಂತು. "ಅಮ್ಮಾ, ನಮಸ್ಕಾರ. ನಾನು ಕೈವಾರದ ಸಾದಿಕ್. ಹುಳ ನಾಲ್ಕನೇ ಜ್ವರ ಎದ್ದಿದೆ. ನನಗೆ ಸೊಪ್ಪು ಕೊಡಬೇಕಾದವರು ಬಹಳ ಜನ ಇದ್ದಾರೆ, ಬದಲಿ ನಿಂತುಹೋಗಿದೆ. ಮಾರಾಟಕ್ಕೆ ನಿಮ್ಮಲ್ಲಿ ಮಾತ್ರ ಸೊಪ್ಪು ಕಾಣುತ್ತಿದೆ. ನ್ಯಾಯವಾಗಿ ಒಂದು ರೇಟು ಹೇಳಿ."

ಯಾಮಿನಿ ಎರಡು ಸಲ ಓದಿದಳು. ಆಮೇಲೆ ಮಾಮೂಲು ಬೆಲೆಯ ಆರರಷ್ಟು ಹೇಳಿದಳು. ಕೈಯಲ್ಲಿ ಅಷ್ಟಿಲ್ಲದೆ ಸಾದಿಕ್ ಪಾಷಾ ಹತ್ತು ಬೇಸಿನ್ನುಗಳನ್ನೂ ಮಾರಾಟಕ್ಕೆ ಇಟ್ಟರು. ತೊಂಡೇಬಾವಿ ಕೊಂಡಿತು. ಆ ಹಣಕ್ಕೆ ಅರ್ಧ ಹುಳಕ್ಕಾಗುವಷ್ಟೇ ಸೊಪ್ಪು ಬಂತು. ಉಳಿದರ್ಧ, ಅವಳೇ ಬರೆದ ನಿಯಮದ ಪ್ರಕಾರ, ಗುರುವಾರ ಬೆಳಿಗ್ಗೆ ಸತ್ತು ಕಪ್ಪಾದವು. ಅಕ್ಕಯ್ಯಮ್ಮ ಮೊದಲನೆಯ ಸ್ಥಾನಕ್ಕೆ ಬಂದಳು.

ಚಿಕ್ಕವಳಿದ್ದಾಗ ಅಜ್ಜಿ ಒಬ್ಬ ಬುಟ್ಟಿ ಹೆಣೆಯುವವನ ಕತೆ ಹೇಳುತ್ತಿದ್ದಳು. ಇಡೀ ಊರು ರಾಗಿ ಅಳೆಯುವುದು ಅವನು ಹೆಣೆದ ಕೊಳಗದಲ್ಲಿ. ಒಂದು ವರ್ಷ ಅವನ ಹೆಂಡತಿ ರಾಗಿ ಮಾರಲು ಹೊರಟಾಗ ಕೊಳಗ ತುಸು ಕಿರಿದಾಗುವಂತೆ ಒಂದೇ ಒಂದು ಎಳೆ ಒಳಗೆ ಎಳೆದು ಹೆಣೆದ. ಯಾರಿಗೂ ತಿಳಿಯಲಿಲ್ಲ. ಆದರೆ ಅಂದಿನಿಂದ ಅವನು ಎಷ್ಟು ಉಂಡರೂ ಒಂದು ತುತ್ತಿನ ಹಸಿವು ಉಳಿಯುತ್ತಿತ್ತು. ಆಮೇಲೇನಾಯಿತು ಎಂದು ಕೇಳಿದರೆ ಅಜ್ಜಿ, ನಿದ್ದೆ ಮಾಡು ಎಂದು ಹೊದಿಕೆ ಎಳೆಯುತ್ತಿದ್ದಳು. ಈಗ ಮೂರು ದಿನ ಯಾಮಿನಿ ತಟ್ಟೆಯ ಮುಂದೆ ಕುಳಿತಾಗಲೆಲ್ಲ ಆ ಬುಟ್ಟಿಯವನು ಎದುರಿಗೆ ಬಂದು ಕೂರುತ್ತಿದ್ದ.

ಭಾನುವಾರ ಬೆಳಿಗ್ಗೆ ತರನ್ನುಮಳ ಮನೆಗೆ ಹೋದಳು. ಸಾದಿಕ್ ಪಾಷಾ ವರಾಂಡದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಫೋನು ಕಿಟಕಿಯ ಮೇಲೆ ಮಗುಚಿ ಬಿದ್ದಿತ್ತು.

"ಬಾರಮ್ಮ ಮಗ್ಳೇ. ನಿಮ್ ಆಟದಲ್ಲಿ ನಾನು ಪಾಪರ್ ಆದೆ ಕಣಮ್ಮ," ಎಂದು ನಕ್ಕರು. "ಆ ತೊಂಡೇಬಾವಿ ಅಕ್ಕಯ್ಯಮ್ಮ ಮೊದ್ಲೇ ಸಿಕ್ಕಿದ್ರೆ ನಮ್ ಶೆಡ್ಡಿಗೆ ಮೇನೇಜರ್ ಮಾಡ್ಕೋತಿದ್ದೆ. ಬಾಗ್ಲು ಹಾಕೋ ಕಷ್ಟ ಬರ್ತಿರ್ಲಿಲ್ಲ."

"ನಮ್ ಅಬ್ಬಾಗೇನೂ ಬೇಜಾರಿಲ್ಲ ಕಣೇ," ಎಂದಳು ತರನ್ನುಮ್ ಬಾಗಿಲಿಂದ. "ಮೂರು ದಿನದಿಂದ ಫೋನ್ ಮುಟ್ಟಿಲ್ಲ, ಅಷ್ಟೇ."

ಯಾಮಿನಿ ಕೂರಲಿಲ್ಲ. "ಚಾಚಾ, ಅದು ನಾನೇ."

"ಯಾವ್ದಮ್ಮ?"

"ಅಕ್ಕಯ್ಯಮ್ಮ. ನಮ್ಮಜ್ಜಿ ಹೆಸ್ರು. ಬದಲಿ ತೆಗ್ಸಿದ್ದೂ ನನ್ ಸೊಪ್ಪು ಮಾರ್ಕೊಳಕ್ಕೇ."

ತರನ್ನುಮ್ ಒಮ್ಮೆ ನೋಡಿ ಒಳಗೆ ಹೋದಳು. ಸಾದಿಕ್ ಪಾಷಾ ಕೈಯಲ್ಲಿದ್ದ ಎಸಳನ್ನು ಪೂರ್ತಿ ಬಿಡಿಸಿ ಬಟ್ಟಲಿಗೆ ಹಾಕಿದರು.

"ನಾನು ಬರ್ದಿದ್ದು ನೀನೇ ಓದ್ದೇನಮ್ಮ? ಸಾದಿಕ್ ಅಂತ ಹೆಸ್ರೂ ಹಾಕಿದ್ನಲ್ಲ."

"ಓದ್ದೆ."

"ಓದ್ಬಿಟ್ಟು ರೇಟು ಹೇಳ್ದೆ."

"ಹೇಳ್ದೆ ಚಾಚಾ."

ಆಟವನ್ನು ಮಂಗಳವಾರಕ್ಕೆ ಹಿಂದಕ್ಕೆ ತಿರುಗಿಸಬಹುದು, ಹತ್ತು ಬೇಸಿನ್ನೂ ಇವತ್ತೇ ಕೈವಾರಕ್ಕೆ ಬರುತ್ತವೆ, ಎಂದೆಲ್ಲ ಅವಳು ತಡವರಿಸಿದಳು. ಅವರು ಅಡ್ಡಡ್ಡ ತಲೆಯಾಡಿಸಿದರು.

"ಬೇಡ. ಬದಲಿ ವಾಪಸ್ ಹಾಕಿ. ಏನ್ ಮಾಡಿದ್ರಿ ಅಂತ ನಲವತ್ತು ಜನಕ್ಕೂ ಹೇಳಿ. ಬೇಸಿನ್ ನಾನ್ ಕೂರಿಸ್ಕೋತೀನಿ."

ಅಲ್ಲೇ ನಿಂತು ಅವಳು ತನ್ನ ಹೆಸರು ಹಾಕಿ ಎಲ್ಲವನ್ನೂ ಬರೆದು ಕಳುಹಿಸಿದಳು. ತೊಂಡೇಬಾವಿಯನ್ನು ಬಿಟ್ಟುಕೊಟ್ಟಳು. ಉತ್ತರಗಳು ಬರತೊಡಗಿ ಫೋನು ಅಂಗೈಯಲ್ಲಿ ನಡುಗಿತು, ನೋಡಲು ಧೈರ್ಯವಾಗಲಿಲ್ಲ. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದುಕೊಂಡು ಬಂದಿದ್ದಳು.

ಆರು ವರ್ಷದಿಂದ ಅವಳು ಆ ಮನೆಯ ಅಡುಗೆಮನೆಗೆ ನೇರ ನುಗ್ಗಿ ಡಬ್ಬಿ ತೆಗೆದು ತಿನ್ನುತ್ತಿದ್ದವಳು. ಅವಳು ಬಂದಾಗ ಹೋದಾಗ ಯಾರೂ ಏಳುತ್ತಿರಲಿಲ್ಲ. ಈಗ ಅವಳು ಹೊರಟಾಗ ಸಾದಿಕ್ ಪಾಷಾ ಬಟ್ಟಲು ಕೆಳಗಿಟ್ಟು, ಮಂಡಿ ಹಿಡಿದು ಎದ್ದರು. ಹೊರಗಿನವರನ್ನು ಕಳಿಸಿಕೊಡುವಾಗ ಮಾಡುವಂತೆ ಗೇಟಿನವರೆಗೂ ಬಂದು ಚಿಲಕ ತೆಗೆದರು.

"ಹೋಗ್ಬಿಟ್ಟು ಬನ್ನಿ, ಯಾಮಿನಿಯವರೇ," ಎಂದರು.