ಒಬ್ಬೊಬ್ಬರದೂ ಒಂದೊಂದು

"ಎಮ್ಮೆ ಥರ ಎದ್ದು ಹೋಗ್ತೀಯಲ್ಲೇ, ನಿಮ್ಮಪ್ಪಂದಾ ಫ್ಯಾಕ್ಟರಿ?"

ಸೂಪರ್‌ವೈಸರ್ ವೆಂಕಟಗಿರಿ ದುರ್ಗವ್ವನ ತೋಳು ಹಿಡಿದು ಎಳೆದು ತಂದು ಹೊಲಿಗೆ ಯಂತ್ರಗಳ ನಡುವೆ ನಿಲ್ಲಿಸಿದ. ಕಾಮಾಕ್ಷಿಪಾಳ್ಯದ ಆ ಗಾರ್ಮೆಂಟ್ಸಿನಲ್ಲಿ ಕೆಲಸ ಬಿಡುವ ಹೊತ್ತು. ಕಾಲರ್ ಹೊಲಿಯುವ ದುರ್ಗವ್ವ ಅಪ್ಪಣೆ ಕೇಳದೆ ಪಾಯಖಾನೆಗೆ ಹೋಗಿದ್ದಳು. ಅಷ್ಟರಲ್ಲಿ ಕಾಲರ್ ಬಾರದೆ ಅವಳ ಮುಂದಿನವರ ಕೈಗೆ ಕೆಲಸವಿಲ್ಲದಂತಾಗಿತ್ತು.

"ತಡಕೊಳ್ಳಾಕ ಆಗಲಿಲ್ರೀ ಸಾಹೇಬ್ರ. ಶುಗರ್ ಐತ್ರೀ ನನಗ."

"ಮುಚ್ಚೇ ಬಾಯಿ, ಬೋಳಿ." ಅವನು ಉಳಿದ ಹೆಂಗಸರತ್ತ ತಿರುಗಿದ. "ಇವಳಿಂದ ನಿಮ್ಗೆಲ್ಲಾ ಲೇಟು. ಒಬ್ಬೊಬ್ರೇ ಬಂದು ಇವಳ ಕೆನ್ನೆಗೆ ಒಂದೊಂದು ಬಿಡಿ. ಬಿಟ್ಟೋರು ಮನೆಗೆ ಹೋಗಿ. ಇಲ್ದಿದ್ರೆ ಗೇಟ್ ತೆಗಿಯಲ್ಲ."

ತಮಾಷೆಯಿರಬೇಕೆಂದು ಯಾರೋ ನಕ್ಕರು. ಅವನು ನಗಲಿಲ್ಲ.

ಎಲ್ಲರಿಗಿಂತ ಹಿರಿಯಳಾದ ಜಯದೇವಿ ಮೊದಲು ಎದ್ದಳು. "ತಪ್ಪು ತಿಳ್ಕೋಬೇಡ ಕಣವ್ವ. ಮೊಮ್ಮಗನ್ನ ಟ್ಯೂಷನ್ನಿಂದ ಕರ್ಕೊಂಡು ಹೋಗ್ಬೇಕು" ಎಂದು ಗೊಣಗಿ, ಕೆನ್ನೆ ಸವರಿದಳು.

"ಅರಿಶಿನ ಹಚ್ತಾ ಇದೀಯಾ? ಇನ್ನೊಂದ್ಸಲ!"

ಈ ಸಲ ಸದ್ದು ಬಂತು. ಆಮೇಲೆ ಸುಲಭವಾಯಿತು. ಯಾರೂ ಹೇಳದೆ ಸಾಲು ನಿಂತಿತು. ಹೊಡೆದವರು ಕೈಯನ್ನು ಸೆರಗಿಗೆ ಒರೆಸಿ, ಬ್ಯಾಗು ಎತ್ತಿಕೊಂಡು ಗೇಟಿನ ಕಡೆ ನಡೆದರು.

"ಕೇಳಿ ಹೋಗೋಕೆ ಇವ್ಳಿಗೇನಾಗಿತ್ತು ದೊಡ್ಡರೋಗ?" ಎಂದಳು ಒಬ್ಬಳು. ಹಿಂದಿದ್ದವರು ಹೌದೆಂದು ತಲೆಯಾಡಿಸಿದರು. ದುರ್ಗವ್ವ ಅಳಲಿಲ್ಲ. ಕನ್ನಡಕ ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಶಿಲ್ಪಾಳ ಸರದಿ ಬಂತು. ಇಬ್ಬರದೂ ಒಂದೇ ವಠಾರ. ಶಿಲ್ಪಾಳ ಬಾಣಂತನ ಮಾಡಿದವಳೇ ಈ ದುರ್ಗವ್ವ.

"ಹೊಡಿಯವ್ವ," ದುರ್ಗವ್ವನೇ ಪಿಸುಗುಟ್ಟಿದಳು. "ಕೂಸು ಹಾಲಿಗೆ ಅಳತಿರತೈತಿ. ಹೊಡದು ಹೋಗು."

ಶಿಲ್ಪಾಳ ಕೈ ಮೇಲೆದ್ದಿತು. ಅದು ಅಷ್ಟು ಸಲೀಸಾಗಿ ಎದ್ದದ್ದು ಕಂಡು ಅವಳಿಗೇ ಹೆದರಿಕೆಯಾಯಿತು. ಇಳಿಸಿದಳು.

"ನಾನು ಹೊಡಿಯಲ್ಲ ಸಾರ್."

"ಏನಂದೆ?"

"ಹೊಡಿಯಲ್ಲ ಕಣೋ, ಲೋಫರ್ ನನ್ಮಗನೇ!"

ದುರ್ಗವ್ವನ ಪಕ್ಕಕ್ಕೆ ಹೋಗಿ, ಅವಳ ಕೈ ಹಿಡಿದು, ಸಾಲಿಗೆ ಎದುರಾಗಿ ನಿಂತಳು.

ಶಿಲ್ಪಾ ಸಾಲಿನ ಮುಖಗಳನ್ನು ನೋಡಿದಳು. ದಿನವೂ ಜೊತೆಗೆ ಕೂತು ಊಟದ ಡಬ್ಬಿ ಬಿಚ್ಚುವವರು. ಒಬ್ಬಳಾದರೂ ಬಂದಾಳೆಂದು ಕಾದಳು.

ಮುಂದಿನವಳು ದೀಪ್ತಿ. ಒಂದು ಹೆಜ್ಜೆ ಮುಂದೆ ಬಂದಳು. ಅವಳ ಕಣ್ಣು ತುಂಬಿತ್ತು.

"ಸಾರ್," ಎಂದಳು, "ಇಬ್ರಿಗೂ ಹೊಡೀಬೇಕಾ?"