ಎಣ್ಣೆ ಕಾಗದದ ಕೆಳಗಿನ ಹಸಿರು

"ನಮ್ಮಕ್ಕನ್ನೇ ಕರೀರಿ," ಅಂದ ತಮ್ಮ. "ಇಷ್ಟು ವರ್ಷ ಇಲ್ಲಿ ನನ್ನ ಹಸಿರು ಪೆಟ್ಟಿಗೇನೇ ಮಡಚಿದ್ದಾಳೆ. ಅವಳು ಗುರುತು ಹಿಡೀಲಿಲ್ಲಾಂದ್ರೆ ಪ್ರೆಸ್ಸಿಗೆ ನನ್ನ ಶಾಯಿ ಡಬ್ಬಿನೂ ಬೇಡ, ನಾನೂ ಬೇಡ."

"ಮಾತು ಮಾತೇ," ಅಂದ್ರು ಪ್ರೆಸ್ಸಿನ ಮಾಲೀಕರು.

ಮೇಜಿನ ಮೇಲೆ ಸೋಪಿನ ಪೆಟ್ಟಿಗೇದು ಎರಡು ಹಾಳೆ. ಎರಡೂ ಹಸಿರು. ಒಂದು ತಮ್ಮ ಕಲಸಿದ್ದು. ಗಾಜಿನ ಹಲಗೆ ಮೇಲೆ ಹಳದಿ, ನೀಲಿ ಶಾಯಿ ಹಾಕಿ, ಪ್ರಪಂಚ ಮುಳುಗಿದ್ರೂ ತಲೆ ಎತ್ತದೆ ಚಪ್ಪಟೆ ಚೂರೀಲಿ ತಿಕ್ಕಿ ಒಂದೇ ಬಣ್ಣ ಮಾಡೋನು ಅವನು. ಇನ್ನೊಂದು ಹೊಸ ಮಿಷನ್ನಿದು. ಅದಕ್ಕೆ ಕಲಸೋರೇ ಬೇಡ. ನೀಲಿ ಚುಕ್ಕಿ ಪಕ್ಕ ಹಳದಿ ಚುಕ್ಕಿ ಉದುರಿಸ್ತದೆ, ನಮ್ಮ ಪೆದ್ದು ಕಣ್ಣು ಹಸಿರು ಅಂದ್ಕೊಳ್ತದೆ.

ಸೋಪಿನ ಕಂಪನಿಯವನು ಭೂತಗನ್ನಡಿ ಕೆಳಗಿಟ್ಟ. "ಚುಕ್ಕಿ ಇದೆ, ಸರಿ. ಭೂತಗನ್ನಡಿ ಹಿಡ್ಕೊಂಡು ಯಾರ್ರೀ ಸೋಪು ತಗೋತಾರೆ?"

ಅಷ್ಟರಲ್ಲಿ ಅಕ್ಕ ಸೆರಗಲ್ಲಿ ಕೈ ಒರೆಸ್ತಾ ಬಂದಳು. ಬಾಯಿ ಅಂದ್ರೆ ಬಾಯಿ ಅವಳದು, ಮಿಷನ್ ಸದ್ದೇ ಅಡಗಿಹೋಗ್ಬೇಕು.

"ಅಕ್ಕಾ, ಇದ್ರಲ್ಲಿ ನಿಮ್ಮ ತಮ್ಮಂದು ಯಾವ್ದು?" ಅಂದ್ರು ಮಾಲೀಕರು.

"ಅಯ್ಯೋ, ಇದೂ ಒಂದು ಕೇಳೋ ಮಾತಾ? ನನ್ನ ಕಣ್ಣು ಕಟ್ಟಿ ಬಾವಿಗೆ ತಳ್ಳಿ, ಅಲ್ಲಿಂದ್ಲೇ ಹೇಳ್ತೀನಿ! ಹೆಂಡ್ತಿ ಮುಖಾನೂ ಹಿಂಗೆ ನೋಡಿದೋನಲ್ಲ, ಆ ಡಬ್ಬಿ ಜೊತೇಲೇ ಸಂಸಾರ ಮಾಡ್ದ ಇವನು."

ಹಾಳೆ ಎರಡನ್ನೂ ಕಿಟಕಿಗೆ ಹಿಡಿದು, ಹೊರಳಿಸಿ, ಒಂದನ್ನ ಎದೆಗೊತ್ತಿಕೊಂಡಳು. "ಇದು! ಎಷ್ಟು ನುಣ್ಣಗಿದೆ ನೋಡಿ. ಇನ್ನೊಂದು ಯಾವನೋ ಕುಡ್ಕ ಬಳಿದಂಗಿದೆ."

ಯಾರೂ ನಗಲಿಲ್ಲ. ತಮ್ಮ ನೆಲ ನೋಡ್ತಿದ್ದ.

"ಯಾಕೋ? ಸರಿಯಾಗಿ ಹೇಳ್ದೆ ತಾನೆ?"

"ಹೂಂ ಅಕ್ಕ. ಸರಿಯಾಗೇ ಹೇಳ್ದೆ."

ಮಾಲೀಕರು, ಕಂಪನಿಯವನು ಮಾತಾಡ್ತಾ ಆಚೆ ಹೋದ್ರು. ಅಕ್ಕ ಬಗ್ಗಿ, ತಾನು ಆರಿಸಿದ ಹಾಳೆ ಮೇಲೆ ಭೂತಗನ್ನಡಿ ಇಟ್ಟಳು. ಒಳಗೆ ಹಸಿರೇ ಇರಲಿಲ್ಲ. ನೀಲಿ, ಹಳದಿ, ನೀಲಿ, ಹಳದಿ. ರಾಗಿ ಚೆಲ್ಲಿದಂಗೆ ಚುಕ್ಕಿ.

"ಇನ್ನೊಂದ್ಸಲ ಕೇಳೋಕೆ ಹೇಳೋ. ಬೆಳಕು ಸರಿ ಇರ್ಲಿಲ್ಲ ಅಂತ ಹೇಳೋ."

"ಬೆಳಕು ಚೆನ್ನಾಗೇ ಇತ್ತಕ್ಕ."

ಸಾಯಂಕಾಲ ಅವನು ಚೂರಿ ಒರೆಸಿಟ್ಟ. ಡಬ್ಬಿ ಅಂಚಿನ ಶಾಯಿ ಕೆರೆದು ಒಳಗೆ ಹಾಕ್ದ. ಕೆನೆ ಕಟ್ಟಬಾರ್ದು ಅಂತ ದಿನಾ ಮಾಡೋ ಹಾಗೆ ದುಂಡಗೆ ಕತ್ತರಿಸಿದ ಎಣ್ಣೆ ಕಾಗದ ಶಾಯಿ ಮೇಲೆ ಹಾಸಿ, ನಡುವಿಂದ ಅಂಚಿನ ತನಕ ಹೆಬ್ಬೆರಳಲ್ಲಿ ಗಾಳಿ ಒತ್ತಿ ತೆಗೆದ. ಅಕ್ಕ ಮುಚ್ಚಳ ಹಿಡ್ಕೊಂಡು, ಅವನು ಕೈ ಚಾಚೋ ತನಕ ನಿಂತೇ ಇದ್ದಳು.